ಮೆಣಸಿನಕಾಯಿಯ ಒಡಲು

ಔತಣದ ಮನೆಗೆ ಅತಿಥಿಗಳು ಒಬ್ಬೊಬ್ಬರಾಗಿ ಬಂದು ಸೇರುವುದಕ್ಕೂ ಊಟಕ್ಕೆ ಏಳಿರೆಂಬ ಕರೆ ಬರುವುದಕ್ಕೂ ನಡುವೆ ಒಂದಿಷ್ಟು ಹೊತ್ತುಂಟು. ಬಂದವರಲ್ಲಿ ಕೆಲವರು ಪರಸ್ಪರ ಅಪರಿಚಿತರು. ಕೆಲವರು ವರ್ಷಕ್ಕೊಮ್ಮೆ ರಾಜ್ಯೋತ್ಸವದ ಸಭೆಯಲ್ಲಿ ಮುಖ ಕಂಡು ನಮಸ್ಕಾರ ಹೇಳಿ ಅಗಲಿದವರು. ಮಕ್ಕಳ ಶಾಲೆ, ಊರಿನ ಮಳೆ, ವಿಮಾನದ ದರ ಇವಿಷ್ಟರ ವಿಚಾರ ಮುಗಿದ ಮೇಲೆ ಮಾತು ತಾನಾಗಿ ಹರಿಯುವುದಕ್ಕೆ ಏನಾದರೊಂದು ನೆಪ ಬೇಕು. ಆ ನೆಪಕ್ಕೆಂದು ನಮ್ಮ ಹಿರಿಯರು ಬೋಂಡ ಆಂಬೊಡೆಗಳನ್ನು ಕರಿದಿಟ್ಟರೆ, ನಾನು ಬಹುಕಾಲದಿಂದ ನೆಲೆಸಿರುವ ಟೆಕ್ಸಾಸ್ ಸೀಮೆಯ ಜನ ಹಸಿರು ಹಾಲಪೇನ್ಯೊ ಮೆಣಸಿನಕಾಯಿಯ ಒಡಲನ್ನು ಬರಿದುಮಾಡಿ, ಅದರೊಳಗೆ ಚೀಸನ್ನು ತುಂಬಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಕರಿದು, ಪಾಪರ್ ಎಂಬ ಹೆಸರಿಟ್ಟು ಅತಿಥಿಗಳ ಮುಂದೆ ಇರಿಸುತ್ತಾರೆ. ಇದನ್ನು ಮಾಡುವುದೆಂದರೆ ನನಗೆ ಪ್ರಾಣ. ತಿನ್ನುವ ಸುಖ ಬೇರೆ, ಅದು ನಾಲ್ಕು ಜನರೊಡನೆ ಹಂಚಿಕೊಂಡು ಮುಗಿಯತಕ್ಕದ್ದು; ಮಾಡುವ ಸುಖವಾದರೋ ಬೆಳಗ್ಗೆ ಅಂಗಡಿಯಲ್ಲಿ ಕಾಯಿ ಆರಿಸುವಾಗ ಮೊದಲಾಗಿ ಸಂಜೆ ಬಾಣಲೆಯ ಕಡೆಯ ಕಾಯಿಯನ್ನು ಮೇಲಕ್ಕೆತ್ತುವವರೆಗೆ ನನ್ನೊಬ್ಬನದೇ ಆಗಿ ಉಳಿಯುತ್ತದೆ.

ಮಿಕ್ಕೆಲ್ಲ ಅಡುಗೆಗಳಲ್ಲಿ ನಾವು ಖಾರವನ್ನು ಹಾಕುತ್ತೇವೆ, ಇದೊಂದರಲ್ಲಿ ತೆಗೆಯುತ್ತೇವೆ. ಸಾರಿಗೆ ಪುಡಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಸೌಟಿನ ತುದಿಯಿಂದ ರುಚಿ ನೋಡುವ ಅವಕಾಶ ಇಲ್ಲಿಲ್ಲ. ಪ್ರಕೃತಿಯು ಕಾಯಿಯಲ್ಲಿ ತುಂಬಿಟ್ಟಿರುವ ಉಗ್ರತೆಯಲ್ಲಿ ಎಷ್ಟನ್ನು ಹೊರಹಾಕಬೇಕು, ಎಷ್ಟನ್ನು ಉಳಿಸಬೇಕು, ಯಾರ ಪಾಲಿಗೆ ಎಷ್ಟು ಉಳಿಸಬೇಕು ಎಂಬುದನ್ನು ಕೈಯಲ್ಲಿ ಚಾಕು ಹಿಡಿದಿರುವಾಗಲೇ ನಿಶ್ಚಯಿಸಬೇಕು. ಈ ಭಕ್ಷ್ಯದ ಕಲೆಯೆಲ್ಲವೂ ಆ ನಿಶ್ಚಯದಲ್ಲಿ ಅಡಗಿದೆಯೆಂದು ನಾನು ನಂಬಿದ್ದೇನೆ. ಚೀಸು, ಹೊದಿಕೆ, ಎಣ್ಣೆ ಇವೆಲ್ಲವೂ ಅದರ ಪರಿವಾರ.

ಮೆಕ್ಸಿಕೋ ದೇಶದ ವೆರಾಕ್ರೂಸ್ ಪ್ರಾಂತದ ರಾಜಧಾನಿಯಾದ ಹಲಾಪ ನಗರದಿಂದ ಈ ಕಾಯಿಗೆ ಹೆಸರು ಬಂದಿದೆ. ಗಡಿಯ ಈಚೆಗೆ ಬಂದು ಎಷ್ಟು ಆಪ್ತವಾಯಿತೆಂದರೆ, 1995ರಲ್ಲಿ ಟೆಕ್ಸಾಸಿನ ಶಾಸನಸಭೆಯು ಅದನ್ನು ರಾಜ್ಯದ ಅಧಿಕೃತ ಮೆಣಸಿನಕಾಯಿಯೆಂದು ಘೋಷಿಸಿತು. ನಾನಿರುವ ಹ್ಯೂಸ್ಟನ್ನಿನ ಯಾವ ತರಕಾರಿ ಅಂಗಡಿಗೆ ಹೋದರೂ ಇದರ ರಾಶಿ ಇದ್ದೇ ಇರುತ್ತದೆ. ನಾನು ಮಾತ್ರ ಮೆಕ್ಸಿಕನ್ನರು ವ್ಯಾಪಾರಮಾಡುವ ಅಂಗಡಿಗೇ ಹೋಗುವುದು. ಅಲ್ಲಿಯ ಗೃಹಿಣಿಯರು ಒಂದೊಂದು ಕಾಯಿಯನ್ನೂ ಎತ್ತಿ ತಿರುಗಿಸಿ ನೋಡಿ ಚೀಲಕ್ಕೆ ಹಾಕುವ ಪಕ್ಕದಲ್ಲಿ ನಿಂತು ಆರಿಸುವುದೇ ಒಂದು ಶಿಕ್ಷಣ. ತುಂಬುವುದಕ್ಕೆ ಬೇಕಾದ ಕಾಯಿ ಹೆಬ್ಬೆರಳಿಗಿಂತ ದಪ್ಪನಾಗಿ, ಮೂರಂಗುಲದಷ್ಟು ಉದ್ದವಾಗಿ, ಡೊಂಕಿಲ್ಲದೆ ನೇರವಾಗಿರಬೇಕು; ತೊಟ್ಟು ಒಣಗದೆ ಹಸಿರಾಗಿರಬೇಕು; ಒತ್ತಿದರೆ ಬೆರಳಿಗೆ ಎದುರೊತ್ತು ಕೊಡಬೇಕು. ಕೆಲವು ಕಾಯಿಗಳ ಮೈಮೇಲೆ ಬಿಳಿಯ ಸಣ್ಣ ಗೀರುಗಳು ಜಾಲರಿಯಂತೆ ಹರಡಿರುತ್ತವೆ. ಬೇಗಬೇಗನೆ ಉಬ್ಬಿದ ಒಡಲಿಗೆ ಸಿಪ್ಪೆ ಸಾಲದೆ ಬಿರಿದು, ಬಿರುಕು ತಾನೇ ಕೂಡಿಕೊಂಡುದರ ಗುರುತು ಅದು. ಅಮೆರಿಕದ ದೊಡ್ಡ ಅಂಗಡಿಗಳ ಗಿರಾಕಿಗಳು ಅದನ್ನು ಕುಂದೆಂದು ಬಗೆದು ನುಣ್ಣನೆಯ ಕಾಯಿಗೆ ಕೈಯೊಡ್ಡುವರು. ಮೆಕ್ಸಿಕನ್ನರಿಗೆ ಅದು ಬಲಿತ ಕಾಯಿಯ ಶೋಭೆ. ನಾನು ಎರಡನೆಯವರ ಪಕ್ಷ.

ಕಾಯಿಗಳನ್ನು ತೊಳೆದು, ಒರೆಸಿ, ಕೈಗವಸು ತೊಟ್ಟು ಹಲಗೆಯ ಮುಂದೆ ಕುಳಿತೆನೆಂದರೆ ಆ ದಿನದ ಅತ್ಯಂತ ಪ್ರಿಯವಾದ ಘಟ್ಟ ಪ್ರಾರಂಭವಾಯಿತು. ಉದ್ದಕ್ಕೆ ಇಬ್ಭಾಗ ಮಾಡಿಬಿಟ್ಟರೆ ಕೆಲಸವೇನೋ ಸುಲಭ. ಆದರೆ ಕಾಯಿಯ ರೂಪ ಕೆಟ್ಟಿತು. ನಾನು ತೊಟ್ಟಿನ ಕೆಳಗೆ ಅಡ್ಡಲಾಗಿ ಒಂದು ಕಿರುಗೀರು ಹಾಕಿ, ಅದರ ನಡುವಿನಿಂದ ತುದಿಯ ಹತ್ತಿರದವರೆಗೆ ಉದ್ದಕ್ಕೆ ಸೀಳಿ, ಎರಡು ಹೆಬ್ಬೆರಳುಗಳಿಂದ ಮೆಲ್ಲನೆ ಅಗಲಿಸುತ್ತೇನೆ. ಆಗ ಕಾಣುವ ಒಳಮನೆ ನೋಡತಕ್ಕದ್ದು: ತಿಳಿಹಸಿರು ಗೋಡೆಗಳು, ನೀರು ಸಿಡಿದಂತೆ ಮಿನುಗುವ ತೇವ, ತೊಟ್ಟಿನ ಬುಡದಿಂದ ಇಳಿದುಬಂದ ಬಿಳಿಯ ತಿರುಳು, ಆ ತಿರುಳಿನ ಇಕ್ಕೆಲಗಳಲ್ಲಿ ಚಪ್ಪಟೆಯ ಬೀಜಗಳ ಸಾಲು. ಖಾರವೆಲ್ಲ ಬೀಜದಲ್ಲಿದೆಯೆಂಬುದು ಲೋಕರೂಢಿಯ ಮಾತು. ವಾಸ್ತವದಲ್ಲಿ ಕ್ಯಾಪ್ಸೈಸಿನ್ ಎಂಬ ಆ ಉಗ್ರಸತ್ತ್ವವು ಹುಟ್ಟುವುದು ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಬರುವುದು ಸಹವಾಸದಿಂದ. ಇದನ್ನು ತಿಳಿದಮೇಲೆ ಚಾಕುವಿನ ನಡೆಯೇ ಬದಲಾಗುತ್ತದೆ. ಬೀಜವನ್ನು ಕೊಡವಿ ಚೆಲ್ಲಿದರೆ ಸಾಲದು. ಸಣ್ಣ ಚಮಚದ ಅಂಚಿನಿಂದ ಬುಡದ ಗಂಟನ್ನು ಬಿಡಿಸಿ, ಗೋಡೆಗೆ ಅಂಟಿರುವ ಎಳೆಗಳನ್ನು ಒಂದೇ ಸೆಳೆತಕ್ಕೆ ಎಬ್ಬಿಸಬೇಕು. ಗೋಡೆ ಹರಿಯದೆ ತಿರುಳು ಇಡಿಯಾಗಿ ಎದ್ದುಬಂದಾಗ ಕೈಗೆ ಆಗುವ ತೃಪ್ತಿಯನ್ನು ಬಲ್ಲವರೇ ಬಲ್ಲರು.

ಖಾರವನ್ನು ಅಳೆಯುವ ಕ್ರಮವನ್ನು 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಔಷಧವಿಜ್ಞಾನಿ ರೂಪಿಸಿದನು. ಮೆಣಸಿನಕಾಯಿಯ ಸತ್ತ್ವವನ್ನು ಸಕ್ಕರೆ ನೀರಿನಲ್ಲಿ ತಿಳಿಗೊಳಿಸುತ್ತ ಹೋಗಿ, ಎಷ್ಟು ಪಟ್ಟು ತಿಳಿಯಾದಾಗ ನಾಲಿಗೆಗೆ ಖಾರ ಗೊತ್ತಾಗದೆ ಹೋಗುವುದೋ ಅದೇ ಅದರ ಅಂಕ. ಆ ಮಾನದಲ್ಲಿ ಹಾಲಪೇನ್ಯೊ 2,500ರಿಂದ 8,000ದವರೆಗೆ ನಿಲ್ಲುತ್ತದೆ. ಒಂದೇ ಬುಟ್ಟಿಯ ಎರಡು ಕಾಯಿಗಳಲ್ಲಿ ಒಂದು ಸೌಮ್ಯ, ಒಂದು ರುದ್ರ ಆಗಿರುವುದಕ್ಕೆ ಈ ಅಂತರವೇ ಸಾಕ್ಷಿ. ನೀರು ಸಾಲದೆ ಬಿಸಿಲಲ್ಲಿ ಬಳಲಿದ ಗಿಡದ ಕಾಯಿ ಹೆಚ್ಚು ಖಾರವಾಗಿರುವುದು ಸಾಮಾನ್ಯ. ಆದುದರಿಂದ ನಾನು ಕೆಲಸಕ್ಕೆ ಮೊದಲು ಪ್ರತಿಯೊಂದು ಕಾಯಿಯ ತಿರುಳಿನಿಂದ ಸೂಜಿಮೊನೆಯಷ್ಟನ್ನು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ರಾಶಿಯನ್ನು ವಿಂಗಡಿಸಿಕೊಳ್ಳುತ್ತೇನೆ. ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇರಲೇಬೇಕು. ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಹಾಲಿನ ಕೊಬ್ಬಿಗೂ ಕೇಸೀನ್ ಎಂಬ ಅದರ ಪ್ರೋಟೀನಿಗೂ ಮಣಿಯುತ್ತದೆ.

ನಮ್ಮ ಬಳಗದ ಒಂದು ಮನೆಗೆ ಬ್ಯಾಡಗಿಯ ಕಡೆಯ ಅಜ್ಜಿಯೊಬ್ಬರು ಮಗನನ್ನು ನೋಡಲೆಂದು ಬಂದಿದ್ದರು. ಸಂಜೆಯ ಕೂಟಕ್ಕೆ ಮುಂಚಿತವಾಗಿಯೇ ಬಂದು, ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, ನಾನು ಒಂದೊಂದೇ ಕಾಯಿಯ ತಿರುಳನ್ನು ಕೀಳುತ್ತಿರುವುದನ್ನು ಬಹಳ ಹೊತ್ತು ನೋಡಿದರು. ಕೆಂಬಣ್ಣಕ್ಕೆ ಲೋಕಪ್ರಸಿದ್ಧವಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದ ಮೆಣಸಿನಕಾಯಿಯ ಊರಿನವರು ಅವರು. ಈ ವಿಷಯದಲ್ಲಿ ಅವರ ಮಾತಿಗೆ ತೂಕವಿರುವುದು ಸಹಜವಷ್ಟೆ.

“ತಮ್ಮಾ, ಎಲ್ಲಾ ಕಿತ್ತು ಹಾಕಿದ್ರ ಮೆಣಸಿನಕಾಯಿ ಯಾಕ ಬೇಕು? ನಂದ್ರಾಗ ಒಂದೀಟು ಹಂಗ ಬಿಡು” ಎಂದರು.

“ಆಗಲಿ ಅಜ್ಜಿ, ನಿಮ್ಮದಕ್ಕೆ ಕೈ ಹಚ್ಚುವುದಿಲ್ಲ. ಆಮೇಲೆ ಕಣ್ಣಲ್ಲಿ ನೀರು ಬಂತೆಂದು ನನ್ನನ್ನು ಬಯ್ಯಬಾರದು” ಎಂದೆ.

“ಬರಬೇಕಪ್ಪಾ. ಬರಲಿಲ್ಲಂದ್ರ ತಿಂದದ್ದು ಯಾಕ?”

ಆ ದಿನದಿಂದ ನನ್ನ ಪದ್ಧತಿ ಸ್ಥಿರವಾಯಿತು. ಮಕ್ಕಳಿಗೂ ಹೊಸಬರಿಗೂ ತಿರುಳನ್ನು ಪೂರ್ತಿಯಾಗಿ ತೆಗೆದು, ಒಳಗೋಡೆಯನ್ನು ತಣ್ಣೀರಿನಲ್ಲಿ ತೊಳೆದು ಒರೆಸಿದ ಕಾಯಿ. ನಡುವಿನ ಬಹುಮಂದಿಗೆ ಬುಡದ ಗಂಟನ್ನು ಮಾತ್ರ ತೆಗೆದು ಎಳೆಗಳನ್ನು ಉಳಿಸಿದ ಕಾಯಿ. ಅಜ್ಜಿಯಂತಹ ರಸಿಕರಿಗೆ ಬೀಜವನ್ನಷ್ಟೇ ಕೊಡವಿ ತಿರುಳನ್ನು ಇದ್ದಂತೆಯೇ ಬಿಟ್ಟ ಕಾಯಿ. ಕೊನೆಯ ಗುಂಪಿನವುಗಳ ಹೊದಿಕೆಗೆ ಬಿಳಿ ಎಳ್ಳನ್ನು ಅಂಟಿಸಿ ಗುರುತುಮಾಡುತ್ತೇನೆ. ಔತಣ ನೀಡುವವನು ತನ್ನ ಅತಿಥಿಗಳ ನಾಲಿಗೆಯನ್ನು ಬಲ್ಲವನಾಗಿರಬೇಕು. ಎಲ್ಲರಿಗೂ ಒಂದೇ ಅಳತೆಯ ಖಾರವನ್ನು ಬಡಿಸುವುದು ಒಂದೇ ಅಳತೆಯ ಅಂಗಿಯನ್ನು ಎಲ್ಲರಿಗೂ ಹೊಲಿಸಿಟ್ಟಂತೆ.

ಚೀಸಿನ ವಿಚಾರದಲ್ಲಿ ಸ್ವಲ್ಪ ವಿಜ್ಞಾನದ ನೆರವು ಬೇಕು. ರೆನೆಟ್ ಎಂಬ ಕಿಣ್ವದಿಂದ ಹಾಲನ್ನು ಹೆಪ್ಪುಗೊಳಿಸಿ ಮಾಡಿದ ಚೆಡ್ಡಾರ್ ಮೊದಲಾದುವು ಕಾವು ತಗುಲಿದೊಡನೆ ಕರಗಿ ಹರಿಯುತ್ತವೆ. ಹುಳಿಯಿಂದ ಒಡೆದ ನಮ್ಮ ಪನೀರು ಎಷ್ಟು ಕಾಯಿಸಿದರೂ ಹರಿಯುವುದಿಲ್ಲ. ಬರಿಯ ಚೆಡ್ಡಾರನ್ನು ತುಂಬಿದರೆ ಸೀಳಿನಿಂದ ಎಣ್ಣೆಗೆ ಸುರಿದುಹೋಗುವ ಭಯ. ಬರಿಯ ಪನೀರನ್ನು ತುಂಬಿದರೆ ಬಾಯಿಗೆ ಒಣಗಲು. ನ್ಯೂಯಾರ್ಕ್ ಸಂಸ್ಥಾನದಲ್ಲಿ 1870ರ ದಶಕದಲ್ಲಿ ತಯಾರಾಗತೊಡಗಿದ ಕ್ರೀಮ್ ಚೀಸು ಇವೆರಡರ ಮಧ್ಯಸ್ಥ: ಹುಳಿಯಿಂದ ಹೆಪ್ಪಾದುದರಿಂದ ಹರಿಯದು, ಕೊಬ್ಬು ಹೇರಳವಾಗಿರುವುದರಿಂದ ಬೆಣ್ಣೆಯಂತೆ ಮೃದುವಾಗುವುದು. ಅದರ ಎರಡು ಪಾಲಿಗೆ ಚೆನ್ನಾಗಿ ಹಳತಾದ ಚೆಡ್ಡಾರಿನ ತುರಿ ಒಂದು ಪಾಲು, ಜಜ್ಜಿದ ಬೆಳ್ಳುಳ್ಳಿ, ಹುರಿದು ಕುಟ್ಟಿದ ಜೀರಿಗೆ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು. ಚೆಡ್ಡಾರಿನಲ್ಲಿಯೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಬೇಕನ್ ಸುತ್ತುವುದು ಇಲ್ಲಿಯವರ ರೂಢಿ. ನಮ್ಮ ಮನೆಯಲ್ಲಿ ಅದಿಲ್ಲ. ಕರುವಿನ ಜಠರದಿಂದ ತೆಗೆದ ರೆನೆಟ್ ಕೆಲವು ಚೀಸುಗಳಲ್ಲಿರುವುದರಿಂದ ಸಸ್ಯಾಹಾರಿಗಳನ್ನು ಕರೆದವನು ಚೀಸಿನ ಪೊಟ್ಟಣದ ಮೇಲಣ ಸಣ್ಣಕ್ಷರವನ್ನು ಓದಿಯೇ ಕೊಳ್ಳತಕ್ಕದ್ದು. ನಂಬಿ ತಿನ್ನುವವರ ವಿಷಯದಲ್ಲಿ ಇದು ಕರ್ತವ್ಯ.

ತುಂಬಿದ ಕಾಯಿಯ ಸೀಳನ್ನು ಬೆರಳಿನಿಂದ ಒತ್ತಿ ಮುಚ್ಚಿ, ಮೊದಲು ಹಾಲಿನಲ್ಲಿ, ಅನಂತರ ಮೈದಾ ಹಿಟ್ಟಿನಲ್ಲಿ ಹೊರಳಿಸಿ, ತಟ್ಟೆಯಲ್ಲಿ ಹತ್ತು ನಿಮಿಷ ಆರಲು ಬಿಡಬೇಕು. ಮತ್ತೆ ಹಾಲು, ಮತ್ತೆ ಬ್ರೆಡ್ಡಿನ ಪುಡಿ. ಮತ್ತೊಮ್ಮೆ ಆರಿಕೆ, ಮತ್ತೊಮ್ಮೆ ಅದೇ ಎರಡು. ಎಣ್ಣೆಯಂತೆ ನುಣುಪಾದ ಸಿಪ್ಪೆಗೆ ಹಿಟ್ಟು ಒಂದೇ ಸಲಕ್ಕೆ ಹತ್ತುವುದಿಲ್ಲ. ತಾಳ್ಮೆಯಿಂದ ಪದರ ಪದರವಾಗಿ ಕಟ್ಟಬೇಕು. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಒಳಗಿನ ಚೀಸು ಗಟ್ಟಿಯಾಗಿ, ಹೊರಗಿನ ಹೊದಿಕೆ ಕೆಂಪಾಗುವವರೆಗೆ ಕರಗದೆ ತಡೆದುಕೊಳ್ಳುತ್ತದೆ.

ಎಣ್ಣೆಯ ಕಾವು ಸುಮಾರು 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಚಿಟಿಕೆ ಬ್ರೆಡ್ಡಿನ ಪುಡಿ ಹಾಕಿದರೆ ತಳಮುಟ್ಟದೆ ನೊರೆಯುಕ್ಕಿಸುತ್ತ ಮೇಲೇಳುವುದೇ ಅದರ ಲಕ್ಷಣ. ನಾಲ್ಕೈದಕ್ಕಿಂತ ಹೆಚ್ಚು ಕಾಯಿಗಳನ್ನು ಒಟ್ಟಿಗೆ ಬಿಟ್ಟರೆ ಕಾವು ಇಳಿದು ಹೊದಿಕೆ ಎಣ್ಣೆ ಕುಡಿಯುತ್ತದೆ. ಬಿಟ್ಟೊಡನೆ ಭೋರೆಂದ ಸದ್ದು ಎರಡು ಮೂರು ನಿಮಿಷಗಳಲ್ಲಿ ಚಿಟಪಟಕ್ಕೆ ಇಳಿಯುತ್ತದೆ. ಹೊದಿಕೆಯ ತೇವವೆಲ್ಲ ಆವಿಯಾಗಿ ಹೋಗುತ್ತಿದೆಯೆಂದು ಅದರ ಅರ್ಥ. ಅಲ್ಲಿಂದ ಮುಂದೆ ಕಾಯಿಯ ಒಳಗಿನ ನೀರು ಕುದಿದು ಸೀಳನ್ನು ಒದೆಯತೊಡಗುವುದು. ಅದಕ್ಕೆ ಮುನ್ನವೇ, ಬಣ್ಣ ಹೊನ್ನಿನಿಂದ ಕಂದಿಗೆ ತಿರುಗುವ ಸಂಧಿಯಲ್ಲಿ, ಜಾಲರಿ ಸೌಟಿನಿಂದ ಎತ್ತಿಬಿಡಬೇಕು. ಕಣ್ಣಿಗಿಂತ ಕಿವಿಯನ್ನೇ ನಾನು ಹೆಚ್ಚು ನಂಬುವುದು.

ಬಿಸಿಯಾಗಿ ತಿಂದರೆ ಖಾರ ಹೆಚ್ಚೆನಿಸುವುದು ಭ್ರಮೆಯಲ್ಲ. ನಾಲಿಗೆಯ ನರಗಳಲ್ಲಿ ಸುಡುವ ಕಾವನ್ನು ಅರಿಯುವ ಗ್ರಾಹಕವೂ ಕ್ಯಾಪ್ಸೈಸಿನ್ನಿಗೆ ಓಗೊಡುವ ಗ್ರಾಹಕವೂ ಒಂದೇ ಎಂಬುದನ್ನು ಡೇವಿಡ್ ಜೂಲಿಯಸ್ ಅವರ ಪ್ರಯೋಗಶಾಲೆಯು 1997ರಲ್ಲಿ ತೋರಿಸಿಕೊಟ್ಟಿತು. 2021ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಬಂದಿತು. ಎಣ್ಣೆಯ ಬೆಂಕಿಯೂ ಕಾಯಿಯ ಬೆಂಕಿಯೂ ನಾಲಿಗೆಯ ಒಂದೇ ಬಾಗಿಲನ್ನು ತಟ್ಟುತ್ತವೆಂದಾಯಿತು. ಹಾಗಾಗಿ ಬಾಣಲೆಯಿಂದ ತೆಗೆದ ಮೇಲೆ ಐದು ನಿಮಿಷ ಆರಲು ಬಿಟ್ಟೇ ತಟ್ಟೆಯನ್ನು ಕಳುಹಿಸುತ್ತೇನೆ. ಆಗ ನಾನು ಅಳೆದು ಉಳಿಸಿದಷ್ಟೇ ಖಾರ ತಿನ್ನುವವರಿಗೆ ಸಲ್ಲುತ್ತದೆ.

ಈ ಭಕ್ಷ್ಯಕ್ಕೆ ಮೆಕ್ಸಿಕೋದಲ್ಲಿ ಕುಲೀನನಾದ ಹಿರಿಯನೊಬ್ಬನುಂಟು: ಪೊಬ್ಲಾನೊ ಎಂಬ ದೊಡ್ಡ ಕಾಯಿಯನ್ನು ಉರಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಚೀಸನ್ನೋ ಮಾಂಸವನ್ನೋ ತುಂಬಿ, ನೊರೆಯೆಬ್ಬಿಸಿದ ಮೊಟ್ಟೆಯಲ್ಲಿ ಅದ್ದಿ ಕರಿಯುವ ಚಿಲೆ ರೆಯೆನೊ. ಪ್ವೆಬ್ಲಾ ಪಟ್ಟಣ ಅದಕ್ಕೆ ಪ್ರಸಿದ್ಧ. ಅದು ಊಟದ ನಡುವಿನ ಗಂಭೀರ ಪದಾರ್ಥ. ನಿಂತು ಮಾತನಾಡುತ್ತ ತೊಟ್ಟು ಹಿಡಿದು ಕಚ್ಚುವುದಕ್ಕೆ ಒದಗದು. ದಾವಣಗೆರೆಯ ಮಂಡಕ್ಕಿಯ ಜೊತೆಗಾರನಾದ ನಮ್ಮ ಮೆಣಸಿನಕಾಯಿ ಬಜ್ಜಿಯೂ ದೂರದ ದಾಯಾದಿಯೇ ಸರಿ. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದ ಕಾಯಿ ನಮ್ಮ ಕರಾವಳಿಗೆ ಬಾರದಿದ್ದರೆ ನಮ್ಮ ಕಡಲೆಹಿಟ್ಟಿಗೆ ಆ ಭಾಗ್ಯವೆಲ್ಲಿತ್ತು?

ಈಚೆಗೆ ಹಿತ್ತಿಲಿನಲ್ಲಿಯೂ ಕೆಲವು ಗಿಡಗಳನ್ನು ಬೆಳೆಸುತ್ತಿದ್ದೇನೆ. ಮಾರ್ಚಿಯಲ್ಲಿ ಸಸಿ ನೆಟ್ಟರೆ ಬೇಸಗೆಯ ಮೊದಲಲ್ಲಿ ಕಾಯಿ. ಹ್ಯೂಸ್ಟನ್ನಿನ ಆಷಾಢದ ಧಗೆಗೆ ಹೂವೆಲ್ಲ ಉದುರಿ ಗಿಡ ಸುಮ್ಮನಾಗುತ್ತದೆ. ನವರಾತ್ರಿಯ ಹೊತ್ತಿಗೆ ಬಿಸಿಲು ತಗ್ಗಿ ಮತ್ತೆ ಹೂ ಹಿಡಿಯುತ್ತದೆ. ಈ ಸಲ ಕೊನೆಯ ಕಾಯಿಗಳನ್ನು ಹಸಿರಿನಲ್ಲಿ ಕೀಳದೆ ಗಿಡದಲ್ಲಿಯೇ ಕೆಂಪಾಗಲು ಬಿಟ್ಟಿದ್ದೇನೆ. ಹಣ್ಣಾದ ಹಾಲಪೇನ್ಯೊವಿನಲ್ಲಿ ಖಾರದೊಡನೆ ಒಂದು ಸಿಹಿಯೂ ಸೇರುವುದರಿಂದ ತಿರುಳನ್ನು ಇನ್ನಷ್ಟು ಧಾರಾಳವಾಗಿ ಉಳಿಸಬಹುದು. ರಾಜ್ಯೋತ್ಸವದ ಕೂಟಕ್ಕೆ ಅವುಗಳಲ್ಲಿ ಅರ್ಧವನ್ನು ತುಂಬಿ, ಮಿಕ್ಕರ್ಧವನ್ನು ಸೌದೆಯ ಹೊಗೆಯಲ್ಲಿ ಒಣಗಿಸಿ ಚಿಪೋಟ್ಲೆ ಮಾಡಬೇಕೆಂದಿದ್ದೇನೆ. ಅಜ್ಜಿಗೆ ಒಂದು ಪೊಟ್ಟಣ ಕಳುಹಿಸತಕ್ಕದ್ದಿದೆ.