ಚುಕ್ಕಿ, ಕೆಂಪಿ ಮತ್ತು ನಡುವಿನ ಬಾಗಿಲು

ಮೊದಲೇ ಹೇಳಿಬಿಡ್ತೇವೆ: ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯುವುದು ಇದೇ ಮೊದಲು, ಒತ್ತಕ್ಷರ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಇಲ್ಲಿ 'ನಾವು' ಅಂದರೆ ಅಕ್ಕ ಮತ್ತು ತಮ್ಮ. ಅಕ್ಕ ಮಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ, ತಮ್ಮ ಇಲ್ಲೇ ನಿಮ್ಮ ಜೊತೆ ಸೆಕೆಂಡ್ ಇಯರ್. ಕಥೆ ಇಬ್ಬರದ್ದೂ ಹೌದು, ತಪ್ಪೂ ಇಬ್ಬರದ್ದೂ ಹೌದು. ಅದಕ್ಕೇ ಈ 'ನಾವು'.

ನಮ್ಮ ಮನೆ ಪುತ್ತೂರಿನ ದರ್ಬೆಯಲ್ಲಿ, ಮೇನ್ ರೋಡಿನಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಎರಡು ಹೆಣ್ಣು ನಾಯಿಗಳು. ಚುಕ್ಕಿ ಒಂದು ಜೂನ್ ಮಳೆಯಲ್ಲಿ ಅಂಗಡಿ ಬಾಗಿಲಲ್ಲಿ ನಡುಗುತ್ತಾ ಕೂತಿದ್ದ ಮರಿ. ಕೆಂಪಿ ಬಂದದ್ದು ಮರುವರ್ಷ, ಪಕ್ಕದ ಮನೆಯವರು ಊರು ಬಿಟ್ಟಾಗ. ಮೊದಲ ವರ್ಷ ಎರಡೂ ಒಂದೇ ಗೋಣಿ ಮೇಲೆ ಮಲಗುತ್ತಿದ್ದವು. ಕೆಂಪಿಗೆ ಒಂದೂವರೆ ವರ್ಷ ಆಗುವಾಗ ಜಗಳ ಶುರುವಾಯ್ತು. ಗುರ್ ಅನ್ನುವ ಜಗಳ ಅಲ್ಲ ಮಾರಾಯ್ರೆ, ಕಿವಿ ಹರಿಯುವ ಜಗಳ.

ಪರಿಹಾರ ಎಲ್ಲರ ಬಾಯಲ್ಲೂ ರೆಡಿ ಇತ್ತು: "ಆಪರೇಷನ್ ಮಾಡಿಸಿ, ಸಾಧು ಆಗ್ತವೆ." ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, 63 ದಿನದ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ಮರಿಗಳನ್ನು ಎಲ್ಲಿಗೆ ಕೊಡುವುದು ಅನ್ನುವ ಚಿಂತೆಯೂ ಇತ್ತು. ಹಾಗಾಗಿ ಎರಡಕ್ಕೂ ಒಂದೇ ವಾರದಲ್ಲಿ ಮಾಡಿಸಿದೆವು. ಹೊಲಿಗೆ ಒಣಗುವವರೆಗೆ ಓಡಾಟ, ಹಾರಾಟ ಬೇಡ ಎಂದರು ಡಾಕ್ಟರು. ಚುಕ್ಕಿಯನ್ನು ಹಿಂದಿನ ಕೋಣೆಯಲ್ಲಿ, ಕೆಂಪಿಯನ್ನು ಜಗಲಿಯಲ್ಲಿ ಇಟ್ಟೆವು. 12 ದಿನ ಮನೆ ಅಷ್ಟು ಶಾಂತ! "ನೋಡಿ, ಆಪರೇಷನ್ ಕೆಲಸ ಮಾಡಿತು" ಅಂತ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

13ನೇ ದಿನ ಸಂಜೆ ಎರಡನ್ನೂ ಒಟ್ಟಿಗೆ ಬಿಟ್ಟೆವು. ಅಪ್ಪನ ಸ್ಕೂಟರ್ ಗೇಟಿಗೆ ಬಂತು. ಎರಡೂ ಓಡಿದವು, ಗೇಟಿನ ಹತ್ತಿರ ಭುಜಕ್ಕೆ ಭುಜ ತಾಗಿತು, ಅಷ್ಟೇ. ಬಿಡಿಸಲು ಅಮ್ಮ ಕೈ ಹಾಕಿದರು. ಯಾವ ನಾಯಿ ಕಚ್ಚಿತು ಎಂದು ಇವತ್ತಿಗೂ ಗೊತ್ತಿಲ್ಲ. ಎರಡಕ್ಕೂ ರೇಬೀಸ್ ಲಸಿಕೆ ಆಗಿತ್ತು. ಆದರೂ ಗಾಯವನ್ನು ಸೋಪು ಹಾಕಿ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಓಡಿದೆವು. 0, 3, 7, 28ನೇ ದಿನ ಇಂಜೆಕ್ಷನ್. ಆ ರಾತ್ರಿ ಅಪ್ಪ ಅಂದರು, "ಒಂದನ್ನು ಮಾವನ ತೋಟಕ್ಕೆ ಬಿಟ್ಟು ಬರುವ." ಯಾವುದನ್ನು ಅಂತ ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಊಟದ ಬಟ್ಟಲು ಹಾಗೇ ಇತ್ತು.

ಮರುದಿನ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ 12 ದಿನ ಎರಡೂ ಒಟ್ಟಿಗೆ ಇದ್ದವಾ?"

ಇಲ್ಲ. ಲ್ಯಾಬಿನಲ್ಲಿ ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಿಸಬೇಕು ಅಂತ ಫಸ್ಟ್ ಇಯರಿನಲ್ಲೇ ಹೇಳಿ ಕೊಡ್ತಾರೆ. ನಾವು ಎರಡು ಬದಲಿಸಿದ್ದೆವು, ಆಪರೇಷನ್ ಮತ್ತು ಬಾಗಿಲು. ಮಾರ್ಕ್ಸ್ ಕೊಟ್ಟದ್ದು ಆಪರೇಷನ್‌ಗೆ. ಕೆಲಸ ಮಾಡಿದ್ದು ಬಾಗಿಲು.

ಬೆದೆಯ ಸಮಯದ ಕಿರಿಕಿರಿ ಆಪರೇಷನ್‌ನಿಂದ ಹೋಗುತ್ತದೆ, ಗರ್ಭಕೋಶದ ಸೋಂಕಿನ ಭಯವೂ ಹೋಗುತ್ತದೆ. ಆದರೆ ಜಗಳ ಆಡಿ ಆಡಿ ಕಲಿತ ದ್ವೇಷ ಹಾರ್ಮೋನಿನಲ್ಲಿ ಮಾತ್ರ ಇರುವುದಲ್ಲ, ನೆನಪಿನಲ್ಲೂ ಇರುತ್ತದೆ. ದೇಶದಲ್ಲಿ ಬೀದಿ ನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲಿ ನಿಯಮ ಬಂತು, 2023ರಲ್ಲಿ ಹೊಸ ನಿಯಮ ಬಂತು. ಅವುಗಳ ಉದ್ದೇಶ ನಾಯಿಗಳ ಸಂಖ್ಯೆ ಮತ್ತು ರೇಬೀಸ್ ನಿಯಂತ್ರಿಸುವುದು. ಒಂದೇ ಮನೆಯ ಎರಡು ಹೆಣ್ಣು ನಾಯಿಗಳು ರಾಜಿ ಆಗ್ತವೆ ಅಂತ ಯಾವ ನಿಯಮದಲ್ಲೂ ಇಲ್ಲ. ಆ ಪ್ರಾಮಿಸ್ ನಾವೇ ಮಾಡಿಕೊಂಡದ್ದು.

ಡಾಕ್ಟರು ಎರಡನ್ನೂ ತಲೆಯಿಂದ ಬಾಲದವರೆಗೆ ನೋಡಿದರು. ಚುಕ್ಕಿಯ ಕಿವಿಯೊಳಗೆ ಸೋಂಕು ಇತ್ತು. ನೋವಿರುವ ನಾಯಿಗೆ ಯಾರು ತಾಗಿದರೂ ಸಿಟ್ಟು ಬರುತ್ತದೆ. ನಾವು ಅದನ್ನು ಅಹಂಕಾರ ಅಂದುಕೊಂಡಿದ್ದೆವು. ಆಮೇಲೆ ಹಳೆಯ ರೆಕಾರ್ಡ್ ಬುಕ್ಕಿನ ಹಿಂದೆ, ನೆನಪಿದ್ದ ಜಗಳಗಳನ್ನೆಲ್ಲ ಬರೆದೆವು. ಒಟ್ಟು ಏಳು. ಐದು ಗೇಟಿನಲ್ಲಿ ಅಥವಾ ಬಾಗಿಲಲ್ಲಿ, ಯಾರಾದರೂ ಬಂದಾಗ. ಎರಡು ಬಂಗುಡೆ ತಲೆಗಾಗಿ. ಬಯಲಲ್ಲಿ ವಾಕಿಂಗ್ ಹೋಗುವಾಗ ಒಂದೂ ಇಲ್ಲ. ಅಂದರೆ ಇವಕ್ಕೆ ದಿನವಿಡೀ ದ್ವೇಷ ಇಲ್ಲ. ದಿನದಲ್ಲಿ ಕೆಲವು ನಿಮಿಷ ಡೇಂಜರ್, ಅಷ್ಟೇ.

ಆ ನಿಮಿಷಗಳನ್ನು ಮಾತ್ರ ಬದಲಿಸಿದೆವು. ಅಪ್ಪ ತಿರುವಿನಲ್ಲೇ ಹಾರ್ನ್ ಹಾಕುತ್ತಾರೆ, ಆಗ ಕೆಂಪಿ ಒಳಗೆ, ನಡುವಿನ ಬಾಗಿಲು ಬಂದ್. ಊಟ ಬೇರೆ ಬೇರೆ ಕೋಣೆಯಲ್ಲಿ, ಮುಗಿದ ಕೂಡಲೇ ಬಟ್ಟಲು ಮೇಲೆ. ದಿನಾ ಬೆಳಿಗ್ಗೆ ಇಬ್ಬರು ಇಬ್ಬರನ್ನು ಹಿಡಿದುಕೊಂಡು ರಸ್ತೆಯ ಎರಡು ಬದಿಯಲ್ಲಿ ನಡೆಯುವುದು, ವಾರ ಕಳೆದ ಹಾಗೆ ಸ್ವಲ್ಪ ಹತ್ತಿರ. ಬುಟ್ಟಿಯಂತಹ ಮೂತಿಕವಚದಲ್ಲಿ ಬೇಯಿಸಿದ ಮೊಟ್ಟೆ ಇಟ್ಟು ಅಭ್ಯಾಸ ಮಾಡಿಸಿದೆವು, ಅದು ಶಿಕ್ಷೆ ಅನ್ನಿಸಬಾರದಲ್ಲ. ಗುರ್ ಅಂದಾಗ ಹೊಡೆಯುವುದನ್ನು ಪೂರ್ತಿ ನಿಲ್ಲಿಸಿದೆವು. ಗುರ್ ಅನ್ನುವುದು ವಾರ್ನಿಂಗ್, ಅದನ್ನು ಹೊಡೆದು ಮುಚ್ಚಿದರೆ ಮುಂದಿನ ಸಲ ನೇರ ಕಚ್ಚುವುದೇ. ಜಗಳ ಆದರೆ ಕೈ ಹಾಕಬಾರದು. ನಡುವೆ ಹಲಗೆ ತೂರಿಸಬೇಕು, ಇಲ್ಲವೇ ದಪ್ಪ ಕಂಬಳಿ ಎಸೆಯಬೇಕು. ಅಮ್ಮನ ಕೈಯ ಕಲೆ ನೋಡಿದರೆ ಈ ರೂಲ್ ಯಾರಿಗೂ ಮರೆಯುವುದಿಲ್ಲ.

ಈಗ ಎಂಟು ತಿಂಗಳಾಯ್ತು. ಆಮೇಲೆ ಒಂದೇ ಜಗಳ, ಅದೂ ನೆಂಟರು ಬಾಗಿಲು ತೆರೆದಿಟ್ಟದ್ದರಿಂದ. ಎರಡೂ ಫ್ರೆಂಡ್ಸ್ ಆದವಾ ಅಂತ ಕೇಳಿದರೆ, ಇಲ್ಲ. ಒಂದೇ ಗೋಣಿ ಮೇಲೆ ಮತ್ತೆ ಮಲಗಲಿಲ್ಲ, ಮಲಗುವುದೂ ಇಲ್ಲವೇನೋ. ಆ ಹಳೇ ಫೋಟೋ ನೋಡುವಾಗ ಬೇಜಾರಾಗುತ್ತದೆ. ಆದರೆ ಮಾವನ ತೋಟಕ್ಕೆ ಯಾವುದೂ ಹೋಗಲಿಲ್ಲ.

ಕಷ್ಟ ಈಗ ಅಪ್ಪ ಅಮ್ಮನಿಗೆ, ನಾವಿಬ್ಬರೂ ಊರಲ್ಲಿಲ್ಲ. ಅದಕ್ಕೆ ಸಂಜೆ ಆರೂವರೆಗೆ, ಅಪ್ಪ ಮನೆಗೆ ಹೊರಡುವ ಹೊತ್ತಿಗೆ, ಫ್ಯಾಮಿಲಿ ಗ್ರೂಪಿನಲ್ಲಿ ನಮ್ಮಲ್ಲಿ ಒಬ್ಬರು ಬರೆಯುತ್ತೇವೆ: "ಬಾಗಿಲು?"

ಸ್ವಲ್ಪ ಹೊತ್ತಿಗೆ ಅಮ್ಮನ ರಿಪ್ಲೈ ಬರುತ್ತದೆ: "ಹಾಕಿ ಆಯ್ತು."