ಸಂಬಳದ ಮಾತು

ಸಂಬಳವೆಂಬ ಮಾತಿಗೆ ನಮ್ಮ ಮನೆಗಳಲ್ಲಿ ಒಂದು ವಿಚಿತ್ರವಾದ ಮಡಿಯುಂಟು. ಹೆಣ್ಣು ಕೊಡುವಾಗ ವರನ ಸಂಬಳವೆಷ್ಟೆಂದು ಮೊದಲ ಮಾತಿನಲ್ಲಿಯೇ ವಿಚಾರಿಸುವ ಗೃಹಸ್ಥರು, ತಮ್ಮ ಸಂಬಳವನ್ನು ಹೆಚ್ಚಿಸಿರೆಂದು ಯಜಮಾನನನ್ನು ಕೇಳಬೇಕಾದ ಹೊತ್ತಿನಲ್ಲಿ ಮಾತ್ರ ನಾಲಗೆಯನ್ನು ಕಚ್ಚಿಕೊಂಡು ನಿಲ್ಲುತ್ತಾರೆ. ಅದರಲ್ಲಿಯೂ ನಮ್ಮ ಉಪಾಧ್ಯಾಯವರ್ಗದವರಿಗೆ ಈ ಸಂಕೋಚವು ಹುಟ್ಟುಗುಣವೋ ಎಂಬಂತಿದೆ. ಪಾಠಶಾಲೆಯಲ್ಲಿ ನಾವು ಕಲಿತ ಸುಭಾಷಿತಗಳು ಧನವನ್ನು ತೃಣವೆಂದೆಣಿಸುವುದನ್ನು ಬೋಧಿಸಿದುವೇ ಹೊರತು, ಆ ತೃಣವನ್ನು ತಿಂಗಳ ಕೊನೆಯಲ್ಲಿ ಕಿರಾಣಿ ಅಂಗಡಿಯವನು ಒಪ್ಪುವುದಿಲ್ಲವೆಂಬುದನ್ನು ಬೋಧಿಸಲಿಲ್ಲ.

ಶಬ್ದವನ್ನು ಬಿಡಿಸಿ ನೋಡಿದರೆ ನಾಚುವುದಕ್ಕೆ ಕಾರಣವೇ ಕಾಣದು. ಸಂಸ್ಕೃತದಲ್ಲಿ ಶಂಬಲವೆಂದರೆ ಪಾಥೇಯ, ಅಂದರೆ ದಾರಿಬುತ್ತಿ. ಪ್ರಯಾಣ ಹೊರಟವನ ಹೆಗಲಿಗೆ ಕಟ್ಟಿಕೊಡುವ ಬುತ್ತಿಯೇ ನಮ್ಮ ಬಾಯಲ್ಲಿ ಸಂಬಳವಾಯಿತು. ಬಡ್ತಿಯೆಂಬುದು ಉತ್ತರದೇಶದ ಭಾಷೆಯಿಂದ ಬಂದ ಮಾತು. ಬೆಳೆಯುವುದು, ಹೆಚ್ಚುವುದು ಎಂದು ಅದರ ಅರ್ಥ. ಇಂಗ್ಲಿಷಿನವರ ಸ್ಯಾಲರಿ ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಉಪ್ಪಿನ ನಂಟು. ಅನ್ನ ಕೊಟ್ಟವರ ಉಪ್ಪಿನ ಋಣವನ್ನು ನಾವೂ ಬಲ್ಲೆವಷ್ಟೆ. ದಾರಿ ದೂರವಾದರೆ, ಹೊರೆ ಭಾರವಾದರೆ, ಬುತ್ತಿಯೂ ದೊಡ್ಡದಾಗಬೇಕೆಂದು ಹೇಳುವುದರಲ್ಲಿ ಅವಿನಯವೇನಿದೆ?

ಹೊಸ ಮನೆಗೆ ಚಾಕರಿಗೆ ಹೋಗುವವನು ಸಂತೆಯಲ್ಲಿ ಎಮ್ಮೆಗೆ ಬೆಲೆ ಕಟ್ಟುವವನಂತೆ ಧೈರ್ಯವಾಗಿ ಮಾತನಾಡುತ್ತಾನೆ. ಆದರೆ ಅದೇ ಮನೆಯಲ್ಲಿ ಹಿತ್ತಿಲಿನ ಕೆಲಸದಿಂದ ಹಜಾರದ ಕೆಲಸಕ್ಕೆ ಕರೆ ಬಂದವನಿಗೆ ಮಾತು ಹೊರಡುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆ ಅವನ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಗಾದೆ ಸುಳ್ಳಲ್ಲ. ಆದರೆ ಆ ಜಂತೆಯನ್ನೇ ಇನ್ನು ಮೇಲೆ ನೀನು ಹೊತ್ತುಕೊಂಡಿರು ಎಂದು ಹೇಳಿದಾಗ, ಅದರ ತೂಕವೆಷ್ಟೆಂದು ಕೇಳುವುದು ಎಣಿಕೆಯಾಗಲಾರದೆಂದು ನನ್ನ ಅಭಿಪ್ರಾಯ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮ್ಮಷ್ಟು ನಾಚುಗೆಯವರಾಗಿರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯ ಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬಹುದು. ಅದರ ಐದನೆಯ ಅಧಿಕರಣದಲ್ಲಿ ಭೃತ್ಯರ ಭರಣವೆಂಬ ಪ್ರಕರಣವಿದೆ. ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ 48,000 ಪಣ. ಕಟ್ಟಕಡೆಯ ಸೇವಕರಿಗೆ 60 ಪಣ. ನಡುವೆ ಎಷ್ಟೋ ಮೆಟ್ಟಿಲುಗಳು. ಲೆಕ್ಕ ಬರೆಯುವವನಿಗೂ ಪಳಗಿದ ಕಾಲಾಳಿಗೂ 500 ಪಣ. ಸಾಮಾನ್ಯ ಆಚಾರ್ಯರಿಗೂ ವಿದ್ಯಾವಂತರಿಗೂ ಯೋಗ್ಯತೆಯಂತೆ 500ರಿಂದ 1,000 ಪಣದವರೆಗೆ ಕೊಡುವುದನ್ನು ಆತನು ಪೂಜಾವೇತನವೆಂದು ಕರೆಯುತ್ತಾನೆ. ಪೂಜೆಯೆಂಬ ಮಾತು ಸೇರಿದೊಡನೆ ಅಂಕಿಯು ಇಳಿಯುವುದೆಂಬುದನ್ನು ನನ್ನ ಸಹೋದ್ಯೋಗಿಗಳು ಗಮನಿಸಬೇಕು! ಅದು ಹಾಗಿರಲಿ. ವಿದ್ಯೆಯನ್ನೂ ಕೆಲಸವನ್ನೂ ನೋಡಿ ಆಹಾರ ವೇತನಗಳನ್ನು ಹೆಚ್ಚಿಸಬೇಕೆಂದು ಅದೇ ಪ್ರಕರಣದಲ್ಲಿ ವಿಧಿಯುಂಟು. ಮೂರನೆಯ ಅಧಿಕರಣದಲ್ಲಿ ಇನ್ನೂ ಸೊಗಸಾದ ಸಂಗತಿಯಿದೆ. ಕೂಲಿಯವನೂ ಯಜಮಾನನೂ ಮಾಡಿಕೊಂಡ ಒಪ್ಪಂದವು ನೆರೆಯವರಿಗೆ ತಿಳಿದಿರಬೇಕು. ಮೊದಲೇ ಮಾತಾಡಿಕೊಂಡವನು ಆಡಿದಷ್ಟನ್ನು ಪಡೆಯತಕ್ಕದ್ದು. ಮಾತಾಡಿಕೊಳ್ಳದವನಿಗೆ ಕೆಲಸವನ್ನೂ ಕಾಲವನ್ನೂ ನೋಡಿ ಕೊಡತಕ್ಕದ್ದು. ಹಾಗೆ ಮಾತಿಲ್ಲದೆ ದುಡಿದ ಒಕ್ಕಲಿಗನಿಗೆ ಬೆಳೆಯಲ್ಲಿ, ಗೋವಳನಿಗೆ ತುಪ್ಪದಲ್ಲಿ, ವ್ಯಾಪಾರ ನೋಡಿಕೊಂಡವನಿಗೆ ಸರಕಿನಲ್ಲಿ ಹತ್ತರಲ್ಲೊಂದು ಪಾಲು. ಬಾಯಿ ಬಿಡದವನಿಗೂ ಒಂದು ಗತಿಯನ್ನು ಕಲ್ಪಿಸಿದ ಆ ಕಾಲದ ಧರ್ಮಸ್ಥರು ಈಗ ನಮ್ಮ ಕಾರ್ಖಾನೆಗಳ ಬಾಗಿಲಲ್ಲಿ ಕುಳಿತಿಲ್ಲ.

ಸರ್ಕಾರಿ ನೌಕರಿಯಲ್ಲಿ ಚೌಕಾಶಿಗೆ ಎಡೆಯೇ ಇಲ್ಲವೆಂದು ಜನರು ತಿಳಿದಿದ್ದಾರೆ. ಬಹುಮಟ್ಟಿಗೆ ಅದು ನಿಜ. ಆದರೂ ಒಂದು ಕಿರುಬಾಗಿಲುಂಟು. ಕರ್ನಾಟಕದ ಸೇವಾ ನಿಯಮಗಳಂತೆ, ಮುಂಬಡ್ತಿ ಹೊಂದಿದವನಿಗೆ ಹಳೆಯ ಹುದ್ದೆಯ ಒಂದು ವಾರ್ಷಿಕ ಬಡ್ತಿಯನ್ನು ಕಾಲ್ಪನಿಕವಾಗಿ ಸೇರಿಸಿ, ಹೊಸ ಶ್ರೇಣಿಯಲ್ಲಿ ಅದರ ಮೇಲಿನ ಹಂತಕ್ಕೆ ವೇತನವನ್ನು ನಿಲ್ಲಿಸುತ್ತಾರೆ. ಇದನ್ನು ಮುಂಬಡ್ತಿಯ ದಿನದಿಂದಲೇ ಮಾಡಿಸಿಕೊಳ್ಳಬೇಕೋ, ಹಳೆಯ ಹುದ್ದೆಯಲ್ಲಿ ಬರತಕ್ಕ ವಾರ್ಷಿಕ ಬಡ್ತಿಯ ದಿನದವರೆಗೆ ಕಾದು ಮಾಡಿಸಿಕೊಳ್ಳಬೇಕೋ ಎಂಬುದು ನೌಕರನ ಆಯ್ಕೆಗೆ ಬಿಟ್ಟದ್ದು. ವಾರ್ಷಿಕ ಬಡ್ತಿಯು ಹತ್ತಿರದಲ್ಲಿದ್ದವನು ಸ್ವಲ್ಪ ಕಾಲ ಕಡಿಮೆಗೆ ತೃಪ್ತನಾಗಿದ್ದರೆ, ಆ ದಿನ ವಾರ್ಷಿಕ ಬಡ್ತಿ, ಮುಂಬಡ್ತಿಯ ಲಾಭ ಎರಡೂ ಒಟ್ಟಿಗೆ ಸೇರಿ ಎತ್ತರದ ಹಂತದಲ್ಲಿ ನಿಲ್ಲಬಹುದು. ಲೆಕ್ಕವು ಒಬ್ಬೊಬ್ಬನಿಗೆ ಒಂದೊಂದು ಬಗೆ. ಕಾಗದ ಪೆನ್ಸಿಲು ಹಿಡಿದು ನೋಡಿಯೇ ತಿಳಿಯಬೇಕು. ಆದರೆ ಆಯ್ಕೆಯನ್ನು ಗಡುವಿನೊಳಗೆ ಬರೆದುಕೊಡಬೇಕು. ಬರೆಯದವನ ಪರವಾಗಿ ಕಚೇರಿಯು ಬರೆಯುವುದಿಲ್ಲ.

ನಾನು ಕುಣಿಗಲ್ ತಾಲ್ಲೂಕಿನಲ್ಲಿ ಸಹಶಿಕ್ಷಕನಾಗಿದ್ದವನು ಗುಬ್ಬಿಯ ಕಡೆಗೆ ಮುಖ್ಯೋಪಾಧ್ಯಾಯನಾಗಿ ಹೋದಾಗ, ಕಚೇರಿಯ ವೃದ್ಧ ಗುಮಾಸ್ತರೊಬ್ಬರು ಹಳೆಯ ಪಂಚಾಂಗದ ಹಿಂಬದಿಯಲ್ಲಿ ಎರಡು ಲೆಕ್ಕಗಳನ್ನೂ ಹಾಕಿ ತೋರಿಸಿ, “ಮೇಷ್ಟ್ರೇ, ಮುಹೂರ್ತ ನೋಡದೆ ಮದುವೆ ಮಾಡ್ತೀರಾ? ಇದಕ್ಕೂ ಮುಹೂರ್ತ ಉಂಟು” ಎಂದರು. ನಾನು ಕಾದೆನು, ಲಾಭವಾಯಿತು. ಅದೇ ಪಟ್ಟಿಯಲ್ಲಿದ್ದ ನನ್ನ ಸ್ನೇಹಿತರೊಬ್ಬರು, ವ್ಯಾಕರಣದಲ್ಲಿ ನನಗಿಂತ ಎಷ್ಟೋ ಮೇಲಾದವರು, ದುಡ್ಡಿನ ಸಂಗತಿಗಾಗಿ ಗುಮಾಸ್ತರ ಮುಂದೆ ನಿಲ್ಲುವುದು ಅಧ್ಯಾಪಕನಿಗೆ ತಕ್ಕದ್ದಲ್ಲವೆಂದು ಸುಮ್ಮನಾದರು. ಕೊನೆಯ ವೇತನದ ಅರ್ಧವೇ ನಮ್ಮ ಕಾಲದ ನೇಮಕದವರ ಪಿಂಚಣಿಯಾದ್ದರಿಂದ, ಆ ಒಂದು ಹಾಳೆಯ ಅಂತರವು ನಿವೃತ್ತಿಯ ಅನಂತರವೂ ಅವರ ಬೆನ್ನು ಬಿಟ್ಟಿಲ್ಲ. ಈಗಲೂ ತುಮಕೂರಿನ ಬ್ಯಾಂಕಿನಲ್ಲಿ ತಿಂಗಳ ಮೊದಲಲ್ಲಿ ಭೇಟಿಯಾಗುತ್ತೇವೆ. ಆ ವಿಷಯವನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಈ ಮಾತುಗಳನ್ನೆಲ್ಲ ಈಗ ಬರೆಯುವುದಕ್ಕೆ ನನ್ನ ಹಳೆಯ ಶಿಷ್ಯೆಯೊಬ್ಬಳು ಕಾರಣ. ಗುಬ್ಬಿಯಲ್ಲಿ ನನ್ನಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದಾಳೆ. ತಂದೆಯಿಲ್ಲದ ಮನೆ, ತಮ್ಮನ ಇಂಜಿನಿಯರಿಂಗ್ ಓದು, ತಾಯಿಯ ಔಷಧ, ಎರಡೂ ಅವಳ ಹೆಗಲ ಮೇಲೆ. ಉಗ್ರಾಣದ ಲೆಕ್ಕ ನೋಡುತ್ತಿದ್ದ ಅವಳನ್ನು ಸರಕಿನ ಗುಣಪರೀಕ್ಷೆಯ ವಿಭಾಗಕ್ಕೆ ಮೇಲ್ವಿಚಾರಕಳಾಗಿ ಕರೆದರು. ಸಂಬಳಕ್ಕೆ 2,000 ರೂಪಾಯಿ ಸೇರಿಸುವುದಾಗಿಯೂ, ಅದನ್ನು ವಿಶೇಷ ಭತ್ಯವೆಂದು ಕೊಡುವುದಾಗಿಯೂ, ಮಿಕ್ಕದ್ದನ್ನು ಕೆಲಸ ನೋಡಿ ಮುಂದೆ ವಿಚಾರಿಸುವುದಾಗಿಯೂ ಅಧಿಕಾರಿಗಳು ಬಾಯಿಮಾತಿನಲ್ಲಿ ತಿಳಿಸಿದರು.

“ಕೇಳೋಕೆ ಭಯ ಆಗುತ್ತೆ ಮೇಷ್ಟ್ರೇ. ಇಷ್ಟು ವರ್ಷ ಅನ್ನ ಕೊಟ್ಟೋರು. ದುರಾಸೆ ಅಂದ್ಕೊಂಡು ಇದನ್ನೂ ಬೇರೆಯವರಿಗೆ ಕೊಟ್ಟುಬಿಟ್ಟರೆ?” ಎಂದಳು.

“ಆ ಜಾಗಕ್ಕೆ ಹೊರಗಿನವರನ್ನು ತಂದರೆ ಎಷ್ಟು ಕೊಡುತ್ತಿದ್ದರಮ್ಮ?” ಎಂದು ಕೇಳಿದೆನು.

ಅವಳಿಗೆ ತಿಳಿದಿತ್ತು. ತಿಂಗಳಿಗೆ ಏಳೆಂಟು ಸಾವಿರ ಹೆಚ್ಚು ಪಡೆಯುತ್ತಿದ್ದವರೇ ಹಿಂದೆ ಆ ಕುರ್ಚಿಯಲ್ಲಿದ್ದರು.

ಒಳಗಿನವರಿಗೆ ಆಗುವ ನಷ್ಟದ ಮೂಲವು ಇಲ್ಲಿಯೇ ಇದೆ. ಹೊರಗಿನವನೊಡನೆ ಮಾತಾಡುವಾಗ ಹುದ್ದೆಯ ಬೆಲೆ ಎಷ್ಟೆಂದು ನೋಡುತ್ತಾರೆ. ಒಳಗಿನವನೊಡನೆ ಮಾತಾಡುವಾಗ ಅವನ ಹಳೆಯ ಸಂಬಳಕ್ಕೆ ಎಷ್ಟು ಸೇರಿಸೋಣವೆಂದು ನೋಡುತ್ತಾರೆ. ಸಂಸ್ಥೆಯ ಒಳಹೊರಗನ್ನು ಬಲ್ಲವನಿಗೆ ಆ ಅರಿವೇ ದಂಡವಾಗುತ್ತದೆ. ಗುಬ್ಬಿಯ ನೆಲದಲ್ಲಿ ಇದಕ್ಕೆ ಪ್ರತಿಯಾದ ದೃಷ್ಟಾಂತವೊಂದುಂಟು: 1884ರಲ್ಲಿ ಹುಟ್ಟಿದ ನಾಟಕ ಮಂಡಳಿಗೆ ಬಾಲನಟನಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಮಾಲೀಕರೇ ಆದರು. ಎಲ್ಲರೂ ಮಾಲೀಕರಾಗಲಾರರು, ನಿಜ. ಆದರೆ ರಾಜನ ಪಾತ್ರಕ್ಕೆ ನಿಲ್ಲಿಸಿ ದೂತನ ಉಡುಪನ್ನೇ ತೊಡಿಸುವುದನ್ನು ಯಾವ ಮಂಡಳಿಯ ಪ್ರೇಕ್ಷಕರೂ ಒಪ್ಪರು.

ಭತ್ಯದ ವಿಷಯವನ್ನು ಅವಳು ಯೋಚಿಸಿರಲಿಲ್ಲ. 2,000 ಎಂದರೆ 2,000 ಅಲ್ಲವೇ ಎಂದಳು. ಅಲ್ಲ. 1972ರ ಕಾಯಿದೆಯಿಂದ ನಡೆದುಬಂದಿರುವ ಲೆಕ್ಕದಂತೆ ಗ್ರಾಚ್ಯುಯಿಟಿಯೆಂದರೆ ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದ ಮೊತ್ತ. ಇದಕ್ಕೆ ಹಿಡಿಯುವುದು ಮುಖ್ಯವಾಗಿ ಮೂಲವೇತನ, ತುಟ್ಟಿಭತ್ಯಗಳನ್ನು. ಮೂಲವೇತನದಲ್ಲಿ 1,000 ರೂಪಾಯಿ ಏರಿದರೆ, ಅವಳ ಹಿಂದಿನ ಹನ್ನೊಂದು ವರ್ಷಗಳೂ ಸೇರಿ ಆ ಒಂದು ಬಾಬಿನಲ್ಲಿಯೇ 6,346 ರೂಪಾಯಿ ಹೆಚ್ಚುತ್ತದೆ. ಹೊಸಬನಿಗೆ ಈ ಲಾಭವಿಲ್ಲ, ಅವನ ಹಿಂದೆ ವರ್ಷಗಳೇ ಇಲ್ಲ. ಹಳಬನ ನಿಷ್ಠೆಗೆ ಕಾನೂನು ಇಟ್ಟಿರುವ ಬೆಲೆ ಇದು. ವಿಶೇಷ ಭತ್ಯವೆಂಬ ಹೆಸರಿನಲ್ಲಿ ಅದನ್ನು ಕೈಬಿಡುವುದು ಜಾಣತನವಲ್ಲ. ಇದನ್ನು ಕರಿಹಲಗೆಯ ಮೇಲೆ ಹಾಕುವಂತೆ ಹಾಕಿ ತೋರಿಸಿದ ಮೇಲೆ ಅವಳ ಮುಖದಲ್ಲಿ ಭಯವು ಸ್ವಲ್ಪ ಹಿಂದೆ ಸರಿಯಿತು.

ಇನ್ನು ನಾನು ಹೇಳಿದ್ದು ಹೆಚ್ಚಿಲ್ಲ. ಮನೆಯ ಕಷ್ಟವನ್ನು ಅಲ್ಲಿ ಆಡಬೇಡ, ಕಷ್ಟವನ್ನು ಕೇಳಿದವರು ಸಾಲ ಕೊಡಬಹುದೇ ಹೊರತು ಸಂಬಳ ಕೊಡುವುದಿಲ್ಲ. ಉಗ್ರಾಣದಲ್ಲಿ ನಿನ್ನಿಂದ ಏನು ಉಳಿತಾಯವಾಯಿತು, ಹೊಸ ಕೆಲಸದಲ್ಲಿ ಎಷ್ಟು ಜನರ ಹೊಣೆ ನಿನ್ನದು, ರಾತ್ರಿ ಪಾಳಿಯ ಭತ್ಯ ತಪ್ಪುವುದರಿಂದ ಕೈಗೆ ಎಷ್ಟು ಕಡಿಮೆ ಬರುತ್ತದೆ, ಹಳೆಯ ಕೆಲಸವನ್ನು ಯಾರು ನೋಡುವರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಅಂಕಿಯನ್ನು ಹೇಳಿದ ಮೇಲೆ ಸುಮ್ಮನಿರು. ಈ ಕಡೆಯ ಮಾತು ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿ ಕಂಡಿತು. ಬೇರೆಡೆಗೆ ಹೋಗುವೆನೆಂದು ಹೆದರಿಸಲೇ ಎಂದು ಕೇಳಿದಳು. ಹೋಗುವ ಮನಸ್ಸಿಲ್ಲದವಳು ಆ ಮಾತನ್ನು ಆಡಬಾರದೆಂದೆನು. ಮುಂದೆ ನೋಡೋಣವೆಂಬ ಮಾತು ಬಂದರೆ ಮಾತ್ರ, ಎಂದು ನೋಡುವಿರಿ, ಏನನ್ನು ನೋಡುವಿರಿ ಎಂದು ವಿನಯದಿಂದ ಕೇಳಿ ಬರೆಯಿಸಿಕೊಂಡು ಬಾ ಎಂದು ಕಳುಹಿಸಿದೆನು.

ಅವಳು ಮೂಲವೇತನದಲ್ಲಿ 4,000 ಕೇಳಿದಳು. ಎರಡು ವಾರ ಉತ್ತರವಿರಲಿಲ್ಲ. ಆ ದಿನಗಳಲ್ಲಿ ತಾಯಿ, ಇದ್ದದ್ದೂ ಹೋಯಿತೆಂದು ನನ್ನನ್ನೇ ಶಪಿಸಿದರಂತೆ. ನನಗೂ ನಿದ್ದೆ ಹಗುರವಾಗಿತ್ತು. ಮೂರನೆಯ ವಾರ ಕರೆದು, ಕೂಡಲೇ 1,800, ಆರು ತಿಂಗಳ ಮೇಲೆ 1,200, ಎರಡೂ ಮೂಲವೇತನಕ್ಕೆ, ಎಂದರು. ಕೇಳಿದಷ್ಟಿಲ್ಲ, ಹೊರಗಿನವನಿಗೆ ಕೊಡುತ್ತಿದ್ದಷ್ಟಂತೂ ಇಲ್ಲವೇ ಇಲ್ಲ. ಅವಳು ಒಪ್ಪಿ, ಆರು ತಿಂಗಳೆಂಬುದರ ಬದಲು ತಾರೀಖನ್ನೇ ಬರೆಯಿರೆಂದು ಕೇಳಿದಳಂತೆ. ಅಧಿಕಾರಿಗಳು ನಕ್ಕು, “ಇದನ್ನೆಲ್ಲ ನಿಮಗೆ ಯಾವ ವಕೀಲರು ಹೇಳಿಕೊಟ್ಟರು?” ಎಂದರಂತೆ.

“ವಕೀಲರಲ್ಲ ಸಾರ್, ನಮ್ಮ ಸಂಸ್ಕೃತದ ಮೇಷ್ಟ್ರು” ಎಂದಳಂತೆ. ಪತ್ರದಲ್ಲಿ ತಾರೀಖು ಬಿದ್ದಿದೆ.