ಬಂದಿಲ್ಲ ಅತ್ತೆ

ಹತ್ತು ದಿನ ಮಾತಾಡದೆ ಇರುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. 28 ವರ್ಷ ತರಗತಿಯಲ್ಲಿ ಕೂಗಿ ಕೂಗಿ ಮನೆಯಲ್ಲೂ ಅದೇ ದನಿಯಲ್ಲಿ ಮಾತಾಡುವವಳು ನಾನು. "ಎರಡನೇ ದಿನಕ್ಕೇ ಫೋನು ಬರುತ್ತೆ ನೋಡು, ಬಂದು ಕರಕೊಂಡು ಹೋಗಿ ಅಂತ" ಎಂದು ನಮ್ಮವರು ಮಗಳ ಹತ್ತಿರ ಪಂದ್ಯ ಕಟ್ಟಿದರಂತೆ. ಅಜ್ಜಿಯನ್ನು ನೋಡಿಕೊಳ್ಳಲು ಅವಳೇ ಬಂದಿದ್ದಳು. ಫೋನನ್ನು ಅಲ್ಲಿ ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆಂದು ಇವರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಹೀಗೆ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಹತ್ತಿರದ ವಿಪಶ್ಯನಾ ಶಿಬಿರಕ್ಕೆ ಹೋದೆ. ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತಾರೆ. ಮಾತಿಲ್ಲ, ಸನ್ನೆಯಿಲ್ಲ, ಪುಸ್ತಕವಿಲ್ಲ. ಮೊದಲ ಮೂರು ದಿನ ಮಾಡಬೇಕಾದದ್ದು ಒಂದೇ: ಮೂಗಿನ ಹೊಳ್ಳೆಯಲ್ಲಿ ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸುವುದು. ಆನಾಪಾನ ಎನ್ನುತ್ತಾರೆ. ಇಷ್ಟೇ ತಾನೇ ಎಂದುಕೊಂಡೆ. ನಾಲ್ಕು ಉಸಿರಾಗುವುದರೊಳಗೆ ನನ್ನ ಮನಸ್ಸು ಮನೆಗೆ ಹೋಗಿ ಗ್ಯಾಸ್ ಆರಿಸಿದೆಯೇ ಎಂದು ನೋಡಿ, ಶಾಲೆಗೆ ಹೋಗಿ ಹಾಜರಿ ಪುಸ್ತಕ ತಿರುವಿ, ಸಹೋದ್ಯೋಗಿಯೊಬ್ಬರ ಜೊತೆ ಹಳೆಯ ಜಗಳವೊಂದನ್ನು ಮುಗಿಸಿ ಬಂದಿರುತ್ತಿತ್ತು. ಬೆನ್ನು ತಿರುಗಿಸಿದರೆ ಗದ್ದಲ ಎಬ್ಬಿಸುವ ನಮ್ಮ ಏಳನೇ ತರಗತಿಯ ಮಕ್ಕಳೇ ವಾಸಿ.

ನಾಲ್ಕನೆಯ ದಿನದಿಂದ ವಿಪಶ್ಯನಾ. ಮೈಯಲ್ಲಿ ಏಳುವ ನೋವು, ಉರಿ, ತುರಿಕೆಗಳನ್ನು ಬೇಕು ಬೇಡ ಎನ್ನದೆ ನೋಡಬೇಕು. ಒಂದು ಗಂಟೆ ಅಲುಗಾಡಬಾರದು. ನನಗೋ ಮೂಗಿನ ತುದಿಯೇ ತುರಿಸಬೇಕೆ! ಕೆರೆದುಕೊಳ್ಳದೆ ಕುಳಿತೆ. ಹೆಚ್ಚಿತು, ಉರಿಯಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ತಾನಾಗಿಯೇ ಹೋಯಿತು. ಅನಿಚ್ಚ ಎಂದರೆ ಇದೇ, ಯಾವುದೂ ನಿಲ್ಲುವುದಿಲ್ಲ. 56 ವರ್ಷದಲ್ಲಿ ನಾನು ಕೆರೆಯದೆ ಬಿಟ್ಟ ಮೊದಲ ತುರಿಕೆ ಅದು.

ಈ ಪದ್ಧತಿಯನ್ನು 1969ರಲ್ಲಿ ಭಾರತಕ್ಕೆ ತಂದ ಸತ್ಯನಾರಾಯಣ ಗೋಯೆಂಕಾ ಅವರು ಬರ್ಮಾದಲ್ಲಿ ವ್ಯಾಪಾರಿಯಾಗಿದ್ದವರು. ಅವರ ಗುರು ಊ ಬಾ ಖಿನ್ ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಮಹಾಲೇಖಪಾಲರು. ಅಷ್ಟು ದೊಡ್ಡ ಕಚೇರಿಯ ಲೆಕ್ಕ ನೋಡಿಕೊಂಡು ಧ್ಯಾನ ಮಾಡಿದವರಿದ್ದಾರೆ, ನನ್ನ ಸಂಸಾರ ಯಾವ ಲೆಕ್ಕ ಎಂದು ಧೈರ್ಯ ತಂದುಕೊಂಡು ಊರಿಗೆ ಬಂದೆ.

ಮನೆಯಲ್ಲಿ 84ರ ಅತ್ತೆ ಇದ್ದಾರೆ. ನೆನಪು ಹೋಗಿದೆ. ಅರ್ಧ ಗಂಟೆಗೊಮ್ಮೆ ಒಂದೇ ಪ್ರಶ್ನೆ: "ಚಿಕ್ಕೋನು ಬಂದನೇನೇ?" ಚಿಕ್ಕೋನು ಎಂದರೆ ನನ್ನ ಮೈದುನ. ಸ್ಕೂಟರ್ ಅಪಘಾತದಲ್ಲಿ ಹೋಗಿ 11 ವರ್ಷವಾಯಿತು. ನಾನು ಹಾಗೆಯೇ ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವರಿಗೆ ಆ ಸಾವು ಹೊಸತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಮತ್ತೆ ಅರ್ಧ ಗಂಟೆಗೆ, "ಚಿಕ್ಕೋನು ಬಂದನೇನೇ?" ನಿಜವನ್ನು ತಾನೇ ಹೇಳಿದ್ದು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಶಾಲೆ ತೆರೆದ ಮೂರನೇ ದಿನ. ಬೆಳಿಗ್ಗೆ ಒಂದು ಗಂಟೆ ಧ್ಯಾನವೂ ಆಗಿತ್ತು. ಒಲೆಯ ಮೇಲೆ ಒಗ್ಗರಣೆ, ಬಸ್ಸಿಗೆ 20 ನಿಮಿಷ. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ಮೂರನೇ ಸಲ ಕೇಳಿದರು. ಸೌಟು ಹಿಡಿದೇ ತಿರುಗಿ ಕಿರುಚಿದೆ: "ಸತ್ತು ಹೋದರಲ್ಲ ಅತ್ತೆ, ಎಷ್ಟು ಸಲ ಹೇಳೋದು!" ಹತ್ತು ದಿನದ ಮೌನ ಒಂದು ನಿಮಿಷದಲ್ಲಿ ಸೋರಿಹೋಯಿತು.

ಆ ಸಂಜೆ ಕಣ್ಣು ಮುಚ್ಚಿದರೆ ಉಸಿರು ಕಾಣಲಿಲ್ಲ, ಅವರ ಮುಖ ಕಂಡಿತು. ಏನು ಹೇಳಬೇಕಿತ್ತು? ನಮ್ಮವರು "ನಾಳೆ ಬರ್ತಾನಮ್ಮ" ಎನ್ನುತ್ತಾರೆ. ಅತ್ತೆ ರಾತ್ರಿಯೆಲ್ಲ ಬಾಗಿಲು ಕಾಯುತ್ತಾರೆ. ಪಂಚಶೀಲದಲ್ಲಿ ನಾಲ್ಕನೆಯದು ಸುಳ್ಳಾಡಬಾರದೆಂಬುದು. ನಿಜ ಹೇಳಿದರೆ ಕೊಂದಂತೆ, ಸುಳ್ಳು ಹೇಳಿದರೆ ಶೀಲ ಕೆಟ್ಟಂತೆ.

ದಾರಿ ತೋರಿಸಿದ್ದು ಒಬ್ಬ ಹುಡುಗಿ. ತರಗತಿಯಲ್ಲಿ ಕಿಸಾಗೌತಮಿಯ ಕಥೆ ಹೇಳುತ್ತಿದ್ದೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಯನ್ನು ಬುದ್ಧ ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಕಳಿಸಿದ ಕಥೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ. ಹುಡುಗಿ ಎದ್ದು ನಿಂತು, "ಟೀಚರ್, ಮಗು ಸತ್ತಿದೆ ಅಂತ ಬುದ್ಧ ಮೊದಲೇ ಯಾಕೆ ಹೇಳಲಿಲ್ಲ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳ್ತೀನಿ, ಕೂತ್ಕೋ ಎಂದೆ.

ಬಸ್ಸಿನಲ್ಲಿ ಅದೇ ಯೋಚನೆ. ಬದುಕಿಸುತ್ತೇನೆಂದು ಅವನು ಮಾತು ಕೊಡಲಿಲ್ಲ, ಸತ್ತಿದೆ ಎಂದು ಮುಖಕ್ಕೆ ಹೊಡೆದಂತೆಯೂ ಹೇಳಲಿಲ್ಲ. ಮನೆಮನೆಯ ಬಾಗಿಲಲ್ಲಿ ನಿಂತು ಅವಳೇ ತಿಳಿದುಕೊಳ್ಳುವಷ್ಟು ಹೊತ್ತು ಕೊಟ್ಟ. ನಾನು ಅತ್ತೆಗೆ ಒಂದು ಉಸಿರಿನಷ್ಟು ಹೊತ್ತನ್ನೂ ಕೊಟ್ಟಿರಲಿಲ್ಲ.

ಅಂದು ಸಂಜೆ ಪ್ರಶ್ನೆ ಬಂತು. ಮೈಯೊಳಗೆ ಬಿಸಿ ಏಳುವುದು ತಿಳಿಯಿತು, ಆ ಮೂಗಿನ ತುರಿಕೆಯ ಹಾಗೆ. ಒಂದು ಉಸಿರು ನೋಡಿದೆ. "ಬಂದಿಲ್ಲ ಅತ್ತೆ" ಎಂದೆ. "ಇನ್ನೂ ಬಂದಿಲ್ಲ" ಎನ್ನಲಿಲ್ಲ; ಆ "ಇನ್ನೂ" ಸೇರಿದರೆ ಸುಳ್ಳು. ಪಕ್ಕದಲ್ಲಿ ಕುಳಿತು, "ಚಿಕ್ಕವರಿದ್ದಾಗ ತುಂಬಾ ತುಂಟರಂತೆ?" ಎಂದು ಕೇಳಿದೆ. ಹುಣಸೆಮರ ಹತ್ತಿ ಬಿದ್ದದ್ದು, ಹುರಿಗಡಲೆ ಕದ್ದದ್ದು, ಎಲ್ಲ ಹೇಳಿ ನಕ್ಕರು. ಅರ್ಧ ಗಂಟೆಗೆ ಮತ್ತೆ ಕೇಳಿದರು. ಮತ್ತೆ ಒಂದು ಉಸಿರು.

ದಿನವೂ ಗೆಲ್ಲುತ್ತೇನೆಂದು ತಿಳಿಯಬೇಡಿ. ಹತ್ತಕ್ಕೆ ಆರು ಸಲ ಆಗುತ್ತದೆ, ನಾಲ್ಕು ಸಲ ದನಿ ಏರುತ್ತದೆ. ಮಕ್ಕಳಿಗಾದರೆ ಆರು ಅಂಕಕ್ಕೆ ಪಾಸು ಹಾಕುತ್ತೇನೆ, ನನಗೂ ಹಾಕಿಕೊಂಡಿದ್ದೇನೆ.

ಮೊನ್ನೆ ರಾತ್ರಿ ಅತ್ತೆ ಕೇಳಿದರು. "ಬಂದಿಲ್ಲ ಅತ್ತೆ" ಎಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಂದರು: "ಹೋಗಲಿ ಬಿಡೇ. ನೀನು ಊಟ ಮಾಡು, ಹೊತ್ತಾಯ್ತು."